ಸಮುದ್ರಕ್ಕಿಂತ ಕೆಳಗೆ ಒಂದು ಡಬ್ಬಿ

ನನಗೆ ಎತ್ತರದ ಭಯವಿಲ್ಲ, ತಗ್ಗಿನ ಭಯವಿದೆ. ಇದನ್ನು ಕೇಳಿದವರು ಮೊದಲು ನಗುತ್ತಾರೆ. ಗುಡ್ಡದ ತುದಿಯಲ್ಲಿ ನಿಂತು ಆರಾಮವಾಗಿ ಕೆಳಗೆ ನೋಡಬಲ್ಲೆ. ಕುಮಟೆಯ ನಮ್ಮ ಮನೆಯ ಮಂಚದ ಮೇಲೆ ಮಲಗಿದ್ದಾಗ ಅಲೆಯ ಸದ್ದು ಕೇಳಿದರೆ ಮಾತ್ರ, ಈ ನೀರು ನನಗಿಂತ ನಿಜಕ್ಕೂ ಕೆಳಗಿದೆಯೇ ಎಂಬ ಯೋಚನೆ ಹತ್ತಿಕೊಳ್ಳುತ್ತದೆ. ಕರಾವಳಿಯಲ್ಲಿ ಹುಟ್ಟಿಯೂ ಈಜು ಬಾರದವನು, ಅದರ ಮೇಲೆ ದಿನವೂ ಮೀನು ತಿನ್ನುವವನು. ಸಮುದ್ರಕ್ಕೆ ನನ್ನ ಮೇಲೆ ಸಿಟ್ಟಿರಲು ಇಷ್ಟು ಸಾಲದೇ?

ಇಂಥವನು ಜಿಯೋಕ್ಯಾಚಿಂಗ್ ಎಂಬ ಆಟದ ಹುಚ್ಚಿಗೆ ಬಿದ್ದೆ. ಯಾರೋ ಒಂದು ಪುಟ್ಟ ಡಬ್ಬಿಯನ್ನು ಎಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಜಾಲತಾಣದಲ್ಲಿ ಹಾಕುತ್ತಾರೆ. ನಾವು ಮೊಬೈಲು ಹಿಡಿದು ಹುಡುಕಬೇಕು. ಸಿಕ್ಕಿದರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಇದರಲ್ಲಿ ಪಂಥಗಳೂ ಇವೆ. ಎತ್ತರದ ಡಬ್ಬಿಗಳ ಪಂಥ ಕಟ್ಟಿದವರು ಹಿಮಾಲಯ ಹತ್ತುತ್ತಾರೆ. ನಾನು ತಗ್ಗಿನ ಪಂಥ ಹಿಡಿದೆ: ಸಮುದ್ರಮಟ್ಟಕ್ಕೆ ಹತ್ತಿರದ ಡಬ್ಬಿಗಳು, ಕೊನೆಗೆ ಅದಕ್ಕಿಂತ ಕೆಳಗಿನದೊಂದು. ಭಯ ಬಿಡಿಸಿಕೊಳ್ಳಲು ಎಂದು ಹೆಂಡತಿಗೆ ಹೇಳಿದೆ. ಬಸ್ಸಿನಲ್ಲಿ ಹೋಗಿ ಸಂಜೆಯ ಚಹಾಕ್ಕೆ ವಾಪಸಾಗಬಹುದು ಎಂಬುದು ನಿಜವಾದ ಕಾರಣ.

ಭಟ್ಕಳದ ಬಂದರಿನಲ್ಲಿ ಕಲ್ಲಿನ ಸಂದಿಗೆ ಕೈ ಹಾಕುತ್ತಿದ್ದಾಗ, ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು "ಎಂತ ಕಳ್ಕೊಂಡ್ರಿ?" ಎಂದು ಕೇಳಿದರು. ಕಳೆದುಕೊಂಡಿಲ್ಲ, ಬೇರೆಯವರು ಇಟ್ಟದ್ದನ್ನು ಹುಡುಕುತ್ತಿದ್ದೇನೆ ಎಂದೆ. ಅವರು ತಮ್ಮ ಚೀಲವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. ಹೊನ್ನಾವರದಲ್ಲಿ ಶರಾವತಿಯ ದಡದ ಡಬ್ಬಿ ಬೇಗ ಸಿಕ್ಕಿತು, ಆದರೆ ಎದೆ ಹೊಡೆದುಕೊಂಡದ್ದು ಮನೆ ಸೇರುವವರೆಗೂ ನಿಲ್ಲಲಿಲ್ಲ.

ಈ ಸಮುದ್ರಮಟ್ಟ ಎಂಬುದೂ ನಂಬುವ ವಸ್ತುವಲ್ಲ. ನಮ್ಮ ಸಮುದ್ರ ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಅದಕ್ಕೇ ಗೊತ್ತಿಲ್ಲದ ಮಟ್ಟವನ್ನು ಪಂಡಿತರು ಸರಾಸರಿ ತೆಗೆದು ಸೊನ್ನೆ ಎಂದಿದ್ದಾರೆ. ಕೆಲವು ಆ್ಯಪುಗಳು ಆ ಸೊನ್ನೆಯನ್ನೂ ಬಿಟ್ಟು, ಭೂಮಿ ನುಣ್ಣಗಿನ ಗುಂಡು ಎಂದು ಕಲ್ಪಿಸಿಕೊಂಡು ಅಲ್ಲಿಂದ ಅಳೆಯುತ್ತವೆ. ಅಂಥದೊಂದು ಆ್ಯಪು ನಮ್ಮ ಅಡುಗೆಮನೆ ಸೊನ್ನೆಗಿಂತ ಎಂಬತ್ತು ಮೀಟರ್ ಕೆಳಗಿದೆ ಎಂದು ತೋರಿಸಿತು. ನನಗೆ ಆ ದಿನ ಊಟ ಸೇರಲಿಲ್ಲ.

ಕೊನೆಯ ಡಬ್ಬಿ ಇದ್ದದ್ದು ಹಿರೇಗುತ್ತಿಯ ಗಜನಿಯಲ್ಲಿ. ನದಿ ಸಮುದ್ರ ಸೇರುವ ಕಡೆ ಒಡ್ಡು ಕಟ್ಟಿ, ಉಪ್ಪುನೀರನ್ನು ಹೊರಗಿಟ್ಟು ಬತ್ತ ಬೆಳೆಯುವ ಗದ್ದೆಗೆ ಗಜನಿ ಎನ್ನುತ್ತಾರೆ. ಭರತಿ ಬಂದಾಗ, ಅಂದರೆ ಸಮುದ್ರ ಏರಿದಾಗ, ಒಡ್ಡಿನ ಆಚೆಯ ನೀರು ಈಚೆಯ ಪೈರಿಗಿಂತ ಮೇಲಿರುತ್ತದೆ. ಆ ಊರಿಗೇ ಮದುವೆಯಾಗಿ ಹೋದ ನನ್ನಕ್ಕ ಅಲ್ಲಿ ಶಾಲೆಯ ಮಾಸ್ತರಿಣಿ; ಅವಳ ಮನೆಯ ಗದ್ದೆಯೂ ಅದರಲ್ಲಿತ್ತು. ತೆನೆ ಹಾಲು ತುಂಬುವ ಹೊತ್ತು, ಹುಣ್ಣಿಮೆಯಂತೆಯೇ ಭರತಿ ಜೋರಾಗುವ ಅಮಾವಾಸ್ಯೆ ಬೇರೆ. ಅಕ್ಕ ಜೊತೆಗೆ ಬಂದಳು.

ಡಬ್ಬಿ ಒಡ್ಡಿನ ಹೊರಮೈಯ ಕಲ್ಲಿನ ಹಿಂದೆ ಕಂಡಿತು. ಕೈಗೆ ಬರಲಿಲ್ಲ, ಕಲ್ಲನ್ನೇ ಎಳೆದೆ. ಡಬ್ಬಿಯ ಹಿಂದೆ ಏಡಿ ಕೊರೆದ ಬಿಲವಿತ್ತು. ಏರುತ್ತಿದ್ದ ನೀರು ಗುಳುಗುಳು ಎಂದು ಅದರೊಳಗೆ ನುಗ್ಗಿತು. ಆಚೆ ಬದಿ ಗದ್ದೆಗೆ ಸುರಿಯುವ ಸದ್ದು ಕೇಳಿತು.

"ಎಂತ ಮಾಡ್ದೆ ಮಾರಾಯಾ! ಬಿಲಕ್ಕೆ ಬೆನ್ನು ಕೊಟ್ಟು ಕೂತ್ಕ. ನಾ ಬರೂವರೆಗೆ ಏಳ್ಬೇಡ," ಎಂದು ಅಕ್ಕ ಊರ ಕಡೆ ಓಡಿದಳು.

ನೀರಿನ ಬದಿಗೇ ಕೂರಬೇಕಿತ್ತು. ಕೂತೆ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಎದ್ದರೆ ನಾನು ಉಳಿಯುತ್ತೇನೆ, ಆದರೆ ಬಿಲ ದೊಡ್ಡದಾಗಿ ಒಡ್ಡು ಬಾಯ್ಬಿಟ್ಟರೆ ಊರಿನ ವರ್ಷದ ಅನ್ನ ಉಪ್ಪಾಗುತ್ತದೆ. ಧೈರ್ಯದಿಂದ ಕೂತೆನೆಂದು ಹೇಳಿಕೊಳ್ಳಲಾರೆ. ಕಣ್ಣು ಮುಚ್ಚಿ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಏಳಲು ಕಾಲೂ ಬರುತ್ತಿರಲಿಲ್ಲ. ಅಕ್ಕ ನಾಲ್ಕು ಜನರ ಜೊತೆ ಹುಲ್ಲು, ಜೇಡಿಮಣ್ಣು ತಂದು, ನನ್ನನ್ನು ಮೆಲ್ಲಗೆ ಸರಿಸಿ ಬಿಲ ತುಂಬಿದಳು. ಗದ್ದೆಯ ಒಂದು ಮೂಲೆ ಮಾತ್ರ ನೆನೆದಿತ್ತು. ಯಾರೂ ಬೈಯಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಕಿಸೆಯಲ್ಲಿದ್ದ ಮೊಬೈಲು ಸತ್ತಿತ್ತು. ನಾನು ಎಷ್ಟು ಕೆಳಗೆ ಕೂತಿದ್ದೆ ಎಂಬುದಕ್ಕೆ ಸಾಕ್ಷಿಯಿಲ್ಲ, ಪಂಥ ಅಲ್ಲಿಗೇ ನಿಂತಿತು. ಡಬ್ಬಿಯನ್ನು ಒಡ್ಡಿನಲ್ಲಿ ಇಡಬಾರದೆಂದು ಅದರ ಯಜಮಾನರಿಗೆ ಬರೆದೆ, ಅವರು ಒಪ್ಪಿದರು.

ಆದರೆ ನನಗೆ ನೆಮ್ಮದಿಯಿಲ್ಲ. ಹುಣ್ಣಿಮೆ ಬಂದರೂ ಅಮಾವಾಸ್ಯೆ ಬಂದರೂ ಅಕ್ಕನಿಗೆ ಫೋನು ಮಾಡಿ ಒಡ್ಡು ಹೇಗಿದೆ ಎಂದು ಕೇಳುತ್ತೇನೆ. ಮೊನ್ನೆ ನನಗೇ ಬೇಸರವಾಗಿ, ಇನ್ನು ಪೀಡಿಸುವುದಿಲ್ಲ, ಈ ಹೆದರಿಕೆಯನ್ನು ಹೇಗಾದರೂ ಬಿಡುತ್ತೇನೆ ಎಂದೆ.

"ಬಿಡಬೇಡ," ಎಂದಳು ಅಕ್ಕ. "ನೀ ಕೇಳ್ತೆ ಅಂತ ಹೋಗಿ ನೋಡ್ದೆ. ಇನ್ನೊಂದು ಬಿಲ ಇತ್ತು, ತುಂಬಿ ಬಂದೆ. ಇಲ್ಲಿ ಧೈರ್ಯ ಇದ್ದವ್ರೆಲ್ಲ ಮನೇಲಿ ಮಲಗಿದ್ರು. ಬರೋ ಹುಣ್ಣಿಮೆಗೂ ಹೆದ್ರಕ, ಆತಾ?"

ಆತು ಎಂದೆ. ಇಷ್ಟು ವರ್ಷ ಸುಮ್ಮನೆ ಹೆದರಿದವನಿಗೆ ಈಗ ಅದೇ ಕೆಲಸವಾಗಿದೆ.