ದಾನ ಮಾಡಿದ್ದು ಮಗಳ ಸಂಜೆಯನ್ನು

ಆ ಭಾನುವಾರ ಚರ್ಚಿನಿಂದ ಬಂದವಳೇ ಮಗಳು ಚಪ್ಪಲಿ ಬಿಡುತ್ತ ಹೇಳಿದಳು: "ಮಮ್ಮಿ, ನಾಳಿಂದ ಆ ಹುಡುಗಿಗೆ ನಾ ಗಣಿತ ಹೇಳಿಕೊಡಂಗಿಲ್ಲ. ನೀನ ಹೋಗಿ ಅವರ ಮನಿಯಾಗ ಹೇಳಿ ಬಾ."

ಆ ಹುಡುಗಿ ಎಂದರೆ ಪಕ್ಕದ ಮನೆಯವಳು, ಹತ್ತನೆಯ ತರಗತಿ. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾಗಿದ್ದಳು. ದೊಡ್ಡ ಪರೀಕ್ಷೆಯಲ್ಲೂ ಹಾಗೇ ಆದರೆ ಓದು ಬಿಡಿಸಿ, ಉಗರಗೋಳದಲ್ಲಿ ಗುಡಿಗೆ ಬರುವವರಿಗೆ ಕುಂಕುಮ-ಭಂಡಾರ ಮಾರುವ ಸೋದರಮಾವನ ಅಂಗಡಿಯಲ್ಲಿ ಕೂರಿಸುವುದೆಂದು ಅವಳ ಅಪ್ಪ ತೀರ್ಮಾನಿಸಿದ್ದರು. ನಮ್ಮ ಕಾಂಪೌಂಡ್ ಗೋಡೆಗೆ ಆತುಕೊಂಡು ಅದನ್ನು ಹೇಳುವಾಗ ಅವಳ ತಾಯಿ ಸೆರಗಿನ ತುದಿಯನ್ನು ಹೊಸೆದು ಹೊಸೆದು ಬತ್ತಿ ಮಾಡಿದ್ದರು. ನನಗೆ ಚಿಕುನ್‌ಗುನ್ಯಾ ಬಂದು ಬೆರಳು ಮಡಚಲಾಗದೆ ಮಲಗಿದ್ದಾಗ ಗಂಜಿ, ರೊಟ್ಟಿ ಕಳಿಸಿ ನಮ್ಮ ಮನೆ ನಡೆಸಿದವರು ಅವರೇ. ತಡೆಯಲಾಗಲಿಲ್ಲ. "ನಮ್ಮಾಕಿ ಹೇಳಿಕೊಡತಾಳ, ದಿನಾ ಸಂಜಿಗೆ ಕಳಸ್ರಿ" ಅಂದುಬಿಟ್ಟೆ. ಮಗಳನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೂ ಇಲ್ಲ.

ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಬೆಳಿಗ್ಗೆ ಬೈಲಹೊಂಗಲದಿಂದ ಧಾರವಾಡದ ಬಸ್ಸು ಹಿಡಿದರೆ ಮನೆ ಸೇರುವುದು ಇಳಿಹೊತ್ತಿಗೆ. ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದಲು ಅವಳಿಗೆ ಇದ್ದದ್ದು ಸಂಜೆ ಮಾತ್ರ.

ಆದರೆ ಆ ಭಾನುವಾರ ಅವಳ ಮಾತಿಗೆ ನಾನು ಬೆಚ್ಚಿದ್ದು ಬೇರೆ ಕಾರಣಕ್ಕೆ. ಕೆಲವು ತಿಂಗಳಿಂದ ಅವಳು ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಏನೇನೋ ಉಪನ್ಯಾಸ ಕೇಳುತ್ತಿದ್ದಳು. ಮನುಷ್ಯನಿಗೆ ತನ್ನ ಬದುಕೇ ಮೊದಲ ಹೊಣೆ, ಪರರಿಗಾಗಿ ತನ್ನನ್ನು ಬಲಿಕೊಡುವುದು ಪುಣ್ಯವಲ್ಲ, ಹಾಗೆ ಬಲಿ ಕೇಳುವವರೇ ನಿಜವಾದ ಸ್ವಾರ್ಥಿಗಳು ಎನ್ನುವಂಥ ತತ್ವ. ಚರ್ಚಿನಲ್ಲಿ ಎಲ್ಲರೂ ಕೀರ್ತನೆ ಹಾಡುವಾಗ ಅವಳು ಪುಸ್ತಕ ಮುಚ್ಚಿ, ಹಾಳೆಗಳ ನಡುವೆ ಹೆಬ್ಬೆರಳಿಟ್ಟುಕೊಂಡು ಸುಮ್ಮನೆ ನಿಲ್ಲುವುದನ್ನು ಗಮನಿಸಿದ್ದೆ. ಮೊದಲು ದೇವರು, ಆಮೇಲೆ ಪರರು, ಕಟ್ಟಕಡೆಗೆ ನೀನು ಎಂದು ಕಾನ್ವೆಂಟಿನ ಸಿಸ್ಟರ್ ನಮ್ಮ ಬೆರಳುಗಳನ್ನು ಮಡಚಿ ಮಡಚಿ ಕಲಿಸಿದ್ದರು. ನನ್ನ ಮಗಳು ಆ ಎಣಿಕೆಯನ್ನು ತಿರುವಿ ಹಾಕುತ್ತಿದ್ದಾಳೆ, ಇವಳು ಕೈತಪ್ಪಿ ಹೋದಳು ಎಂದು ಭಯವಾಯಿತು.

ರೊಟ್ಟಿ ತಟ್ಟುತ್ತಲೇ ಕೇಳಿದೆ: "ಇದ್ದಾಂವ ಇಲ್ಲದಾಂವಗ ಕೊಡಬೇಕು ಅಂತ ಯೇಸು ಹೇಳಿಲ್ಲೇನ?"

"ಇವತ್ತ ಪಾಸ್ಟರು ಏನ ಹೇಳಿದ್ರು? ನಿದ್ದಿ ಹತ್ತಿತ್ತೇನ ನಿನಗ?"

ಪಾಸ್ಟರ ಅಂದಿನ ಪ್ರಸಂಗ ಯೇಸು ಹೇಳಿದ ಹತ್ತು ಮಂದಿ ಕನ್ಯೆಯರ ದೃಷ್ಟಾಂತ ಕಥೆಯ ಮೇಲಿತ್ತು. ಮದುವೆಯ ಮದಲಿಂಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೊರಟವರಲ್ಲಿ ಐವರು ಬೇರೆಯಾಗಿ ಎಣ್ಣೆ ಒಯ್ದಿದ್ದರು, ಐವರು ಮರೆತಿದ್ದರು. ಮರೆತವರು ಕೇಳಿದಾಗ ಉಳಿದವರು, ನಮಗೂ ನಿಮಗೂ ಸಾಲದು, ಅಂಗಡಿಗೆ ಹೋಗಿ ಎಂದರು. ಅವರು ಕೊಂಡು ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

"ಆ ಐದು ಮಂದಿ ಎಣ್ಣಿ ಕೊಟ್ಟರೇನ ಮಮ್ಮಿ? ಕೊಡಲಿಲ್ಲ. ಆದ್ರೂ ಮದಲಿಂಗ ಅವರನ್ನ ಒಳಗ ಕರಕೊಂಡ. ಯೇಸು ಅವರನ್ನ ಸ್ವಾರ್ಥಿಗೋಳು ಅಂತ ಬೈಲಿಲ್ಲ, ಶಾಣ್ಯಾರು ಅಂದ."

"ಅದು ವಿಶ್ವಾಸದ ಎಣ್ಣಿ, ಯವ್ವಾ. ಅದನ್ನ ಕೊಡಾಕ ಬರಂಗಿಲ್ಲ. ಸಾಲಿ ಗಣಿತದ ಮಾತಲ್ಲ ಅದು."

"ನಿನಗ ಬೇಕಾದಾಗ ವಿಶ್ವಾಸ, ಬ್ಯಾಡಾದಾಗ ಗಣಿತ!"

ಪಡಸಾಲೆಯಿಂದ ನನ್ನ ಗಂಡ ಕೂಗಿದರು: "ನಿಮ್ಮಿಬ್ಬರ ನ್ಯಾಯ ದೇವರ ಬಗೀಹರಿಸಲಿ. ನನಗ ಮೊದಲ ಊಟಕ್ಕ ಹಾಕ್ರಿ."

ಮಗಳು ನಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿದಳು. "ಎಣ್ಣಿ ನಂದು, ಮಮ್ಮಿ. ದಾನಾ ಮಾಡಿದಾಕಿ ನೀನು. ಓಣಿಯಾಗ 'ಎಂಥಾ ಬಂಗಾರದಂಥಾ ಹೆಣ್ಮಗಳು' ಅಂತಾರಲ್ಲ, ಯಾರಿಗೆ ಅಂತಾರ? ನನಗಂತೂ ಅಲ್ಲ."

ತಟ್ಟುತ್ತಿದ್ದ ರೊಟ್ಟಿಯ ಅಂಚು ಹರಿಯಿತು. ಹಿಟ್ಟು ಕೂಡಿಸಿ ಮತ್ತೆ ತಟ್ಟಿದೆ, ಮತ್ತೆ ಹರಿಯಿತು.

ಮಧ್ಯಾಹ್ನವೆಲ್ಲ ಗೋಡೆಯ ತನಕ ಹೋಗುವುದು, ಮರಳುವುದು. ಇಲ್ಲ ಅಂದರೆ ಆ ಹುಡುಗಿಯ ಗತಿ ಏನು? ಇಲ್ಲ ಅನ್ನದಿದ್ದರೆ ನನ್ನ ಮಗಳದು? ಐದೂವರೆಗೆ ಎಂದಿನಂತೆ ಚಹಾ ಹಿಡಿದು ಮಾಳಿಗೆ ಹತ್ತಿದೆ. ಆ ಹೊತ್ತು ನನ್ನದು. ಪ್ಲಾಸ್ಟಿಕ್ ಕುರ್ಚಿ, ನೀರಿನ ಟ್ಯಾಂಕಿನ ನೆರಳು, ತಂತಿಯ ಮೇಲೆ ಸಾಲಾಗಿ ಕೂರುವ ಗಿಳಿಗಳು. ಕತ್ತಲಾಗುವವರೆಗೆ ಯಾರೂ ಕರೆಯಬಾರದೆಂದು ಮನೆಯಲ್ಲಿ ಅಲಿಖಿತ ನಿಯಮ. ಮಗಳು ಕೆಳಗೆ ಲೆಕ್ಕ ಬಿಡಿಸುತ್ತಿದ್ದ ಸಂಜೆಗಳಲ್ಲೆಲ್ಲ ನಾನು ಇಲ್ಲೇ ಕೂತು, ಒಂದು ಒಳ್ಳೆಯ ಕೆಲಸ ನಡೆದಿದೆ ಎಂಬ ತೃಪ್ತಿಯಲ್ಲಿ ಚಹಾ ಕುಡಿದಿದ್ದೆ. ನನ್ನ ಸಂಜೆಯನ್ನು ಯಾರಿಗೂ ಕೊಟ್ಟಿರಲಿಲ್ಲ. ಚಹಾ ಅಲ್ಲೇ ಬಿಟ್ಟು ಇಳಿದೆ.

ಪಕ್ಕದ ಮನೆಯಲ್ಲಿ ಹುಡುಗಿಯ ತಾಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. "ಬರ್ರಿ ವೈನಿ, ಕುಂದರ್ರಿ."

"ನಮ್ಮಾಕಿದು ಪರೀಕ್ಷಾ ಬಂದೈತ್ರಿ. ನಾಳಿಂದ ನಾನ ಹೇಳಿಕೊಡತೇನ್ರಿ."

ಮೊರ ನಿಂತಿತು. "ನೀವು? ಈಗಿನ ಗಣಿತ ನಿಮಗ ಬರತೈತೇನ್ರಿ ವೈನಿ?"

ಒಳಗಿನಿಂದ ಅವರ ಅತ್ತೆ, "ಸಿಸ್ಟರ್ ಸಾಲ್ಯಾಗ ಕಲತಾರ, ಬರದ ಏನ ಮಾಡತೈತಿ? ಅಲ್ಲಿ ಬರೇ ಹಾಡ ಕಲಿಸ್ಯಾರೇನ?" ಎಂದರು. ಪಕ್ಕದ ಮನೆಯವರು ನಕ್ಕರು, ಕಣ್ಣು ನಗಲಿಲ್ಲ. ಬೇಡವೆನ್ನಲು ಅವರಿಗೂ ದಾಕ್ಷಿಣ್ಯ.

ಮುಂದಿನ ದಿನಗಳಲ್ಲಿ ಬೆಳಿಗ್ಗೆ ಪಾತ್ರೆ ತೊಳೆದು ಪಠ್ಯಪುಸ್ತಕದಿಂದ ನಾನು ಕಲಿತದ್ದನ್ನೇ ಸಂಜೆ ಆ ಹುಡುಗಿಗೆ ಕಲಿಸಿದೆ. ತ್ರಿಕೋನಮಿತಿ ನನಗೆ ಪೂರಾ ಮರೆತಿತ್ತು. "ಆಂಟಿ, ಅಕ್ಕಾ ಇದನ್ನ ಎರಡ ಸಾಲಿನ್ಯಾಗ ಮಾಡತಿದ್ರು" ಎಂದು ಹುಡುಗಿ ಮೆಲ್ಲಗೆ ಹೇಳಿದಾಗ ಬರೆದದ್ದನ್ನು ಅಳಿಸಿ ಮೊದಲಿನಿಂದ ಶುರು ಮಾಡುತ್ತಿದ್ದೆ. ಮಗಳ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಅವಳೇ ಕಲಿಸಿದ್ದರೆ ಈ ಹುಡುಗಿ ಪಾಸಾಗುತ್ತಿದ್ದಳೇನೋ. ಮಗಳ ಸಂಜೆ ಉಳಿಯಿತು, ನನ್ನ ಮನಸ್ಸಾಕ್ಷಿಯೂ ಉಳಿಯಿತು; ಆದರೆ ಅದಕ್ಕೆ ನಾನು ಒತ್ತೆಯಿಟ್ಟದ್ದು ಇವಳ ಪರೀಕ್ಷೆಯನ್ನೇ? ಯಾವ ಕಡೆಯಿಂದ ನೋಡಿದರೂ ಮಧ್ಯದಲ್ಲಿ ನಾನೇ ಕೂತಿರುತ್ತಿದ್ದೆ.

ಪರೀಕ್ಷೆ ಮುಗಿದಿದೆ. ಫಲಿತಾಂಶ ಇನ್ನೂ ಬಂದಿಲ್ಲ, ಇಬ್ಬರದೂ.

ಗಣಿತದ ಪೇಪರಿನ ದಿನ ಬೆಳಿಗ್ಗೆ ಅವಳು ಯೂನಿಫಾರ್ಮಿನಲ್ಲಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ನಮ್ಮ ಬಾಗಿಲಿಗೆ ಬಂದು ನನ್ನ ಕಾಲಿಗೆ ಬಾಗಿದಳು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ: ದೇವರೇ, ಈ ಮಗು ಪಾಸಾಗಲಿ. ಅದರ ಬೆನ್ನಿಗೇ ಇನ್ನೊಂದು ಬಂತು: ಓಣಿಯಲ್ಲಿ ನನ್ನ ಮಾನ ಉಳಿಯಲಿ. ಎರಡನೆಯದನ್ನು ತಳ್ಳಿ ಮೊದಲಿನದನ್ನಷ್ಟೇ ಕಳಿಸಲು ನೋಡಿದೆ. ಒಂದನ್ನು ಎಳೆದರೆ ಇನ್ನೊಂದು ಜೊತೆಗೇ ಬರುತ್ತಿತ್ತು.

"ಆಂಟಿ," ಬಾಗಿದಲ್ಲಿಂದಲೇ ಅವಳು ಅಂದಳು, "ಅಪ್ಪಾಜಿ ಗಾಡಿ ಚಾಲೂ ಮಾಡ್ಯಾರ್ರಿ."

ಎರಡಕ್ಕೂ ಸೇರಿಸಿಯೇ ಆಮೆನ್ ಅಂದು ಕೈ ತೆಗೆದೆ.