ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ

ನಮ್ಮ ಸೋದರಮಾವನ ಬಲಗೈ ಉಂಗುರದ ಬೆರಳಿಗೆ ದರ್ಭೆ ಕೊಯ್ದದ್ದು ಕಾಶಿಯ ಹರಿಶ್ಚಂದ್ರ ಘಾಟಿನ ಮೆಟ್ಟಿಲ ಮೇಲೆ, ಊರ ಕಡೆಯಿಂದ ಬಂದವರಿಗೆ ಪಿಂಡ ಹಾಕಿಸುತ್ತಿದ್ದಾಗ. ಕೂದಲೆಳೆಯಷ್ಟು ಗಾಯ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಾಡುತ್ತಿದ್ದುದನ್ನೇ ಮಾವನೂ ಮಾಡಿದರು: ಚಿಟಿಕೆ ಗಂಗೆಯ ಮಣ್ಣು ಮೆತ್ತಿ, ಅದರ ಮೇಲೇ ದರ್ಭೆಯ ಪವಿತ್ರದುಂಗುರ ತೊಟ್ಟು ಕೆಲಸ ಮುಂದುವರಿಸಿದರು. ದಿನವಿಡೀ ಒದ್ದೆ ಕೈ, ಸಾಲದ್ದಕ್ಕೆ ಸಕ್ಕರೆ ಕಾಯಿಲೆ. ವಾರದೊಳಗೆ ಬೆರಳು ಕಪ್ಪಾಯಿತು.

ಆಸ್ಪತ್ರೆಯಲ್ಲಿ ಸರ್ಜನ್ ಹಿಂದಿಯಲ್ಲಿ ಹೇಳಿದ್ದನ್ನು ಅತ್ತೆಗೆ ಕನ್ನಡದಲ್ಲಿ ಹೇಳುವ ಕರ್ಮ ನನ್ನದು. ಮಣ್ಣಿನ ಶಿಲೀಂಧ್ರ ಮಾಂಸದೊಳಗೆ ಇಳಿದಿದೆ. ಸತ್ತ ಮಾಂಸಕ್ಕೆ ರಕ್ತ ಹೋಗುವುದಿಲ್ಲ, ಆದ್ದರಿಂದ ಔಷಧಿಯೂ ಹೋಗುವುದಿಲ್ಲ. ರಕ್ತ ಜಿನುಗುವವರೆಗೆ ಕತ್ತರಿಸುತ್ತಾ ಹೋಗಬೇಕು.

"ಎಲ್ಲೀವರೆಗೂ ಅಂತ ಕೇಳು" ಎಂದರು ಅತ್ತೆ. ಕೇಳಿದೆ. ಸರ್ಜನ್ ಸಹಿ ಹಾಕುವ ಕಾಗದ ಮುಂದಿಟ್ಟರು.

ಮೊದಲ ಸಲ ಬೆರಳು ಹೋಯಿತು. ಎರಡು ದಿನ ಬಿಟ್ಟು ಪಟ್ಟಿ ಬಿಚ್ಚಿದರೆ ಅಂಚು ಮತ್ತೆ ಕಪ್ಪು. ಕಿರುಬೆರಳೂ ಅಂಗೈಯ ಆ ಬದಿಯೂ ಹೋದವು. ಮತ್ತೆರಡು ದಿನಕ್ಕೆ ಇನ್ನೊಂದು ಕಡೆ ಕಪ್ಪು.

ಮೂರನೆಯ ಸಲ ಒಳಗೆ ಕರೆದೊಯ್ಯುವ ಮುಂಚೆ ಮಾವ ನನ್ನನ್ನು ಹತ್ತಿರ ಕರೆದರು. "ಹೆಬ್ಬೆಟ್ಟು, ತೋರುಬೆರಳು ಬಿಡಕ್ಕೆ ಹೇಳೋ. ಪಿತೃಗಳಿಗೆ ನೀರು ಬಿಡೋದು ಅವೆರಡರ ನಡುವೆ. ಅದೂ ಹೋದ್ರೆ ನಾನು ಘಾಟಲ್ಲಿ ಕೂತು ಏನ್ ಮಾಡ್ಲಿ?"

"ಮೊದ್ಲು ಜೀವ ಉಳಿಸ್ಕೊಂಡು ಬನ್ನಿ" ಎಂದರು ಅತ್ತೆ. "ಇಲ್ದಿದ್ರೆ ನಿಮಗೇ ಬಿಡಬೇಕಾಗತ್ತೆ ನೀರು."

"ನೋಡೋ, ನಿಮ್ಮತ್ತೆ ಬಾಯಿ!" ಮಾವ ನಕ್ಕರು. ಅತ್ತೆ ಮಾತ್ರ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದರು.

ಹೊರಗೆ ಬೆಂಚಿನ ಮೇಲೆ ಕೂತೆವು. ಒಬ್ಬರ ಮೈಯಿಂದ ರಕ್ತ ಬರಲಪ್ಪ ಎಂದು ನಾನು ದೇವರನ್ನು ಬೇಡಿಕೊಂಡದ್ದು ಅದೊಂದೇ ಸಲ. ಸರ್ಜನ್ ಹೊರಬಂದು, ನಡುಬೆರಳು ಹೋಯಿತು, ಸುತ್ತಲೂ ರಕ್ತ ಬಂತು, ಆದರೆ ಎರಡು ದಿನ ಕಾಯಬೇಕು ಎಂದರು. ಆ ಎರಡು ದಿನ ಅತ್ತೆ ಕಪ್ಪು ಸೀರೆಯವರು ಎದುರು ಬಂದರೂ ಮುಖ ತಿರುಗಿಸುತ್ತಿದ್ದರು.

ಪಟ್ಟಿ ಬಿಚ್ಚಿದಾಗ ಅಂಚು ಕೆಂಪಗಿತ್ತು. ಮಾವ ಗಾಯದ ಕಡೆ ನೋಡಲೇ ಇಲ್ಲ. ಹೆಬ್ಬೆರಳನ್ನೂ ತೋರುಬೆರಳನ್ನೂ ಮೆಲ್ಲಗೆ ಅಲ್ಲಾಡಿಸಿದರು.

ತಿಂಗಳುಗಳ ಮೇಲೆ, ಗಾಯ ಪೂರ್ತಿ ಮಾಗಿದಾಗ, ಅಡುಗೆಮನೆಯಲ್ಲಿ ಕೈಯೊಡ್ಡಿ ಕೂತು, "ಬಿಡೋ, ನೋಡೋಣ" ಎಂದರು. ಪೂಜೆಯ ಪುಟ್ಟ ಚಮಚದಿಂದ ಒಂದು ಉದ್ಧರಣೆ ನೀರು ಬಿಟ್ಟೆ. ಅರ್ಧ ನೀರು ಬೆರಳಿಲ್ಲದ ಕಡೆಯಿಂದ ಸೋರಿಹೋಯಿತು. ಮಾವ ಅಂಗೈ ಸ್ವಲ್ಪ ಓರೆ ಮಾಡಿದರು. ಉಳಿದದ್ದು ಹೆಬ್ಬೆರಳ ಪಕ್ಕದಿಂದ ತಟ್ಟೆಗೆ ಇಳಿಯಿತು.

"ಇನ್ನೊಂದು ಉದ್ಧರಣೆ ಜಾಸ್ತಿ ಬೇಕಾಗತ್ತೆ, ಅಷ್ಟೇ" ಎಂದರು.