ಉಪ್ಪಿಟ್ಟು ಇನ್ನೂ ಒಲೆಯ ಮೇಲಿತ್ತು

"ಅಕ್ಕಾ, ಉಪ್ಪಿಟ್ಟು ಬಾಯಲ್ಲಿ ಇಟ್ಕೊಂಡೇ ಮಾತಾಡ್ತಿದ್ದೀರಾ?" ಎಂದು ನಮ್ಮ ಕೈತೋಟದ ವಾಟ್ಸಾಪ್ ಗ್ರೂಪಿನವರೆಲ್ಲ ನಗುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರವರ ಮನೆಯ ತಿಂಡಿಯ ಕಥೆಯನ್ನು ವಾಯ್ಸ್ ಮೆಸೇಜಿನಲ್ಲಿ ಹೇಳುವುದು ನಮ್ಮ ರೂಢಿ. ನಾನು ಆಗಷ್ಟೇ ಅವರೆಕಾಳು ಉಪ್ಪಿಟ್ಟಿನ ಪುರಾಣ ಕಳಿಸಿದ್ದೆ.

ಅಷ್ಟರಲ್ಲಿ, ಅದೇ ಗ್ರೂಪಿನ, ನಾನು ಮುಖವನ್ನೇ ಕಾಣದ ಹೊಸಕೋಟೆಯ ಗೆಳತಿ ಶಾಹೀನಾ ಫೋನ್ ಮಾಡಿದಳು.

"ಬಾಯಲ್ಲಿ ಏನಾದ್ರೂ ಇದ್ಯಾ ಅಕ್ಕಾ?"

"ಇಲ್ಲ ಕಣಮ್ಮ, ಇನ್ನೂ ಒಲೆ ಮೇಲೇ ಇದೆ."

"ಹಂಗಾದ್ರೆ ನಾಲಿಗೆ ಯಾಕೆ ತೊದಲ್ತಿದೆ? ಮೊದ್ಲು ಯಜಮಾನ್ರಿಗೆ ಫೋನ್ ಕೊಡಿ."

ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದರು. ಬೇಗ ಬಂದಿದ್ದರಿಂದ ನನ್ನ ಮಾತು ಉಳಿಯಿತು.

ಈಗ ಭಾನುವಾರದ ನನ್ನ ಕಥೆ ಮೊದಲಿಗಿಂತ ಉದ್ದವಾಗಿದೆ. ಶಾಹೀನಾ ಕೊನೆಯವರೆಗೂ ಕೇಳಿ, "ಸರಿಯಾಗಿದೆ ಅಕ್ಕಾ, ಇನ್ನು ತಿನ್ನಿ" ಎನ್ನುತ್ತಾಳೆ. ಅವಳು ಹೇಳಿದ ಮೇಲೆಯೇ ನಾನು ತಟ್ಟೆಗೆ ಕೈ ಹಾಕುವುದು.